ನಾಳ ತೆರೆದ ಮೇಲೆ ರಕ್ತ ಎಷ್ಟು ಹರಿಯಿತೆಂಬುದನ್ನೂ ಬರೆದುಕೊಡಿ

ಸಂಪಾದಕರಿಗೆ,

ಮಾನ್ಯರೇ,

2025ರ ಜೂನ್, ಜುಲೈ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಿಂದ ಒಂದರ ಹಿಂದೊಂದು ಹೃದಯಾಘಾತದ ಸುದ್ದಿಗಳು ಬಂದು, ಗಾಬರಿಗೊಂಡ ಜನ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿ ನಿಂತಿದ್ದರು. ಅಂದಿನಿಂದ ಕನ್ನಡ ಪತ್ರಿಕೆಗಳಲ್ಲಿ ಈ ಕಾಯಿಲೆಯ ಬಗ್ಗೆ ಸಾಕಷ್ಟು ಬರಹಗಳು ಬಂದಿವೆ. ಆಘಾತ ಏಕೆ ಆಗುತ್ತದೆ, ಯಾವ ಲಕ್ಷಣ ಕಂಡರೆ ಆಸ್ಪತ್ರೆಗೆ ಓಡಬೇಕು, ಏನು ತಿನ್ನಬೇಕು, ಏನು ಬಿಡಬೇಕು ಎಂಬುದನ್ನು ಅವು ಚೆನ್ನಾಗಿ ತಿಳಿಸಿವೆ. ಆದರೆ ಆಘಾತವಾಗಿ, ಆಂಜಿಯೋಗ್ರಾಂ ಮುಗಿದು, ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದ ಮನುಷ್ಯನ ಕೈಯಲ್ಲಿರುವ ಕಾಗದದಲ್ಲಿ ಏನಿರಬೇಕು, ಈಗ ಏನು ಇಲ್ಲ ಎಂಬುದರ ಬಗ್ಗೆ ಯಾರೂ ಬರೆದದ್ದನ್ನು ನಾನು ಓದಿಲ್ಲ. ಆ ಒಂದು ವಿಷಯವನ್ನು ಓದುಗರ ಮತ್ತು ಆಸ್ಪತ್ರೆಗಳ ಗಮನಕ್ಕೆ ತರಲು ಈ ಪತ್ರ.

ನಾನು ಇಪ್ಪತ್ತಾರು ವರ್ಷ ಬೇರೆ ಬೇರೆ ಆಸ್ಪತ್ರೆಗಳ ಕ್ಯಾಥ್ ಲ್ಯಾಬ್‌ಗಳಲ್ಲಿ, ಅಂದರೆ ಆಂಜಿಯೋಗ್ರಾಂ ತೆಗೆದು ಸ್ಟೆಂಟ್ ಹಾಕುವ ಕೋಣೆಗಳಲ್ಲಿ, ಟೆಕ್ನಿಷಿಯನ್ ಆಗಿ ದುಡಿದು ನಿವೃತ್ತನಾದವನು. ವೈದ್ಯನಲ್ಲ, ಚಿಕಿತ್ಸೆಯ ತೀರ್ಮಾನ ಎಂದೂ ನನ್ನದಾಗಿರಲಿಲ್ಲ. ಆದರೆ ಸಾವಿರಾರು ಜನರ ಹೃದಯದ ನಾಳಗಳಲ್ಲಿ ಡೈ (ಎಕ್ಸ್-ರೇಯಲ್ಲಿ ಕಾಣುವ ದ್ರವ) ಹರಿಯುವುದನ್ನೂ, ಹರಿಯದೆ ನಿಂತುಬಿಡುವುದನ್ನೂ ಪರದೆಯ ಮೇಲೆ ಕಂಡಿದ್ದೇನೆ. ಹೊರಗೆ ಕಾದಿರುವ ಮನೆಯವರಿಗೆ ಆಮೇಲೆ ತಿಳಿಸುವ ಮಾತು ಸಾಮಾನ್ಯವಾಗಿ ಒಂದೇ: "ಮುಂಭಾಗದ ನಾಳದಲ್ಲಿ ತೊಂಬತ್ತೈದು ಪರ್ಸೆಂಟ್ ಬ್ಲಾಕ್ ಇತ್ತು, ಸ್ಟೆಂಟ್ ಹಾಕಿದ್ದೇವೆ, ಈಗ ಬ್ಲಾಕ್ ಇಲ್ಲ." ಮಾತು ಸುಳ್ಳಲ್ಲ, ಆದರೆ ಅರ್ಧ ಮಾತು. ಅಷ್ಟು ಹೊತ್ತು ರಕ್ತವಿಲ್ಲದೆ ಒದ್ದಾಡಿದ ಹೃದಯದ ಸ್ನಾಯುವಿಗೆ ರಕ್ತ ಮರಳಿ ತಲುಪಿತೇ, ತಲುಪಿದ್ದರೆ ಯಾವ ವೇಗದಲ್ಲಿ ತಲುಪಿತು ಎಂಬ ಉಳಿದರ್ಧ ಅದೇ ಚಿತ್ರದಲ್ಲಿ ಕಣ್ಣೆದುರೇ ಇರುತ್ತದೆ, ಕಾಗದಕ್ಕೆ ಮಾತ್ರ ಬಹಳ ಸಲ ಇಳಿಯುವುದಿಲ್ಲ.

ಈ ಹರಿವನ್ನು ಅಳೆಯಲು ಹೊಸ ಯಂತ್ರವೇನೂ ಬೇಡ. ಗಡ್ಡೆ ಕರಗಿಸುವ ಔಷಧಗಳನ್ನು ಪರೀಕ್ಷಿಸಲು ಅಮೆರಿಕದಲ್ಲಿ ನಡೆದ ಟಿಮಿ ಎಂಬ ಅಧ್ಯಯನದ ಮೊದಲ ಹಂತದ ವರದಿ 1985ರಲ್ಲಿ ಪ್ರಕಟವಾಯಿತು. ಅಂದಿನಿಂದ ಜಗತ್ತಿನ ಎಲ್ಲ ಕ್ಯಾಥ್ ಲ್ಯಾಬ್‌ಗಳಲ್ಲಿ ಸೊನ್ನೆಯಿಂದ ಮೂರರವರೆಗಿನ ಟಿಮಿ ದರ್ಜೆ ಬಳಕೆಯಲ್ಲಿದೆ. ಡೈ ಅಡಚಣೆಯ ಬಳಿಗೆ ಬಂದು ಕಡಿದಂತೆ ನಿಂತರೆ ಸೊನ್ನೆ. ಅಡಚಣೆಯನ್ನು ದಾಟಿ ಒಂದಿಷ್ಟು ಜಿನುಗಿದರೂ ಮುಂದಿನ ನಾಳವನ್ನು ತುಂಬದಿದ್ದರೆ ಒಂದು. ನಾಳವೆಲ್ಲ ತುಂಬಿದರೂ ಪಕ್ಕದ ಆರೋಗ್ಯವಂತ ನಾಳಕ್ಕಿಂತ ನಿಧಾನವಾಗಿ ತುಂಬಿ, ನಿಧಾನವಾಗಿ ಖಾಲಿಯಾದರೆ ಎರಡು. ಸಹಜ ವೇಗದಲ್ಲಿ ಹರಿದರೆ ಮೂರು. "ಟಿಮಿ ತ್ರೀ ಬಂತು" ಎಂದು ವೈದ್ಯರು ಹೇಳಿದಾಗ ನಮ್ಮ ಕೋಣೆಯಲ್ಲಿ ಎಲ್ಲರೂ ಸರಾಗವಾಗಿ ಉಸಿರಾಡುತ್ತಿದ್ದೆವು. ಅದಕ್ಕೆ ಕಾರಣವೂ ಉಂಟು. 1993ರಲ್ಲಿ ಪ್ರಕಟವಾದ ಗುಸ್ಟೋ ಅಧ್ಯಯನದ ಆಂಜಿಯೋಗ್ರಾಂ ಭಾಗದಲ್ಲಿ, ಔಷಧ ಕೊಟ್ಟ ತೊಂಬತ್ತು ನಿಮಿಷಕ್ಕೆ ಸಹಜ ಹರಿವು ಮರಳಿದವರಲ್ಲಿ ಮೂವತ್ತು ದಿನಗಳೊಳಗಿನ ಸಾವು ಶೇ 4.4 ಇದ್ದರೆ, ಹರಿವೇ ಇಲ್ಲದವರಲ್ಲಿ ಅದು ಶೇ 8.9 ಇತ್ತು.

ಎರಡು ಮತ್ತು ಮೂರರ ನಡುವಿನ ಗೆರೆ ನೋಡುವವರ ಕಣ್ಣನ್ನು ಅವಲಂಬಿಸಿದೆ ಎಂಬುದು ಈ ದರ್ಜೆಯ ಕೊರತೆ. ಅದನ್ನು ನೀಗಿಸಲು ಮೈಕೆಲ್ ಗಿಬ್ಸನ್ ಮತ್ತು ಅವರ ಸಂಗಡಿಗರು 1996ರಲ್ಲಿ ಬಹಳ ಸರಳವಾದ ಉಪಾಯವೊಂದನ್ನು ಕೊಟ್ಟರು. ಡೈ ನಾಳದ ಬಾಯಿಗೆ ಬಂದ ಚಿತ್ರದಿಂದ ನಾಳದ ತುದಿಯ ಗೊತ್ತಾದ ಕವಲನ್ನು ಮುಟ್ಟಿದ ಚಿತ್ರದವರೆಗೆ ಎಷ್ಟು ಫ್ರೇಮ್‌ಗಳು ಕಳೆದವೆಂದು ಎಣಿಸುವುದೇ ಆ ಉಪಾಯ. ಸೆಕೆಂಡಿಗೆ 30 ಫ್ರೇಮ್‌ಗಳ ಲೆಕ್ಕದಲ್ಲಿ ಆರೋಗ್ಯವಂತ ಬಲನಾಳಕ್ಕೆ ಸುಮಾರು 20, ಮುಂಭಾಗದ ಎಲ್‌ಎಡಿ ನಾಳಕ್ಕೆ ಸುಮಾರು 36 ಫ್ರೇಮ್ ಬೇಕಾಗುತ್ತವೆ. ಎಲ್‌ಎಡಿ ಉದ್ದವಾದ್ದರಿಂದ ಅದರ ಎಣಿಕೆಯನ್ನು 1.7ರಿಂದ ಭಾಗಿಸಿ ಉಳಿದವುಗಳೊಂದಿಗೆ ಹೋಲಿಸುತ್ತಾರೆ. ಈಗ ವಿಕಿರಣ ಕಡಿಮೆ ಮಾಡಲು ಹೆಚ್ಚಿನ ಕಡೆ ಸೆಕೆಂಡಿಗೆ 15 ಫ್ರೇಮ್‌ಗಳಲ್ಲಿ ಚಿತ್ರ ತೆಗೆಯುವುದರಿಂದ ಎಣಿಸಿದ್ದನ್ನು ಇಮ್ಮಡಿ ಮಾಡಿಕೊಳ್ಳಬೇಕು. ಇದನ್ನು ಮರೆತು ನಿಧಾನದ ಹರಿವನ್ನು ಸಹಜವೆಂದು ಬರೆದದ್ದನ್ನೂ ನಾನು ನೋಡಿದ್ದೇನೆ. ಎಣಿಕೆಗೆ ಎರಡು ನಿಮಿಷ ಸಾಕು, ಖರ್ಚು ಒಂದು ಪೈಸೆಯೂ ಇಲ್ಲ.

ಇಷ್ಟಾದರೂ ಒಂದು ಸಂಗತಿ ಉಳಿಯುತ್ತದೆ, ಮತ್ತು ನನ್ನ ಮಟ್ಟಿಗೆ ಅದೇ ಮುಖ್ಯವಾದದ್ದು. ನಾನು ದಾವಣಗೆರೆ ಜಿಲ್ಲೆಯವನು. ಭದ್ರಾ ನಾಲೆಗೆ ನೀರು ಬಿಟ್ಟರೆಂಬ ಸುದ್ದಿ ಪತ್ರಿಕೆಯಲ್ಲಿ ಬಂದ ಮಾತ್ರಕ್ಕೆ ನಮ್ಮ ಕಡೆ ಕೊನೆ ಭಾಗದ ರೈತ ನೀರು ಬಂತೆಂದು ಹೇಳುವುದಿಲ್ಲ. ಮುಖ್ಯ ನಾಲೆ ತುಂಬಿ ಹರಿಯುತ್ತಿರುವಾಗಲೇ ಹೊಲಗಾಲುವೆಗಳಲ್ಲಿ ಹೂಳು ಕಟ್ಟಿಕೊಂಡು ಅವನ ಗದ್ದೆ ಬಿರುಕು ಬಿಟ್ಟಿರಬಹುದು. ಹೃದಯದಲ್ಲಿಯೂ ಹಾಗೆಯೇ ಆಗುತ್ತದೆ. ಮೂರು, ಮೂರೂವರೆ ಮಿಲಿಮೀಟರ್ ಅಗಲದ ದೊಡ್ಡ ನಾಳವನ್ನು ಬಲೂನು, ಸ್ಟೆಂಟುಗಳಿಂದ ತೆರೆಯಬಹುದು. ಆದರೆ ಅದರಾಚೆಗಿನ, ಆಂಜಿಯೋಗ್ರಾಂನಲ್ಲಿ ಬಿಡಿಬಿಡಿಯಾಗಿ ಕಾಣದಷ್ಟು ಸಣ್ಣ ನಾಳಗಳು ಒಡೆದ ಗಡ್ಡೆಯ ಚೂರುಗಳಿಂದ ಕಟ್ಟಿಕೊಂಡಿದ್ದರೆ, ಅಥವಾ ರಕ್ತವಿಲ್ಲದ ಗಂಟೆಗಳಲ್ಲಿ ಅವುಗಳ ಒಳಗೋಡೆಯೇ ಊದಿಕೊಂಡಿದ್ದರೆ, ಸ್ನಾಯುವಿಗೆ ಏನೂ ತಲುಪುವುದಿಲ್ಲ. ಇದಕ್ಕೆ ನೋ-ರಿಫ್ಲೋ ಎನ್ನುತ್ತಾರೆ. ನಾಯಿಗಳ ಹೃದಯದಲ್ಲಿ ಇದನ್ನು 1974ರಲ್ಲಿಯೇ ತೋರಿಸಿಕೊಡಲಾಗಿತ್ತು.

ಕೊನೆಯ ಗದ್ದೆಗೆ ನೀರು ತಲುಪಿತೇ ಎಂಬುದನ್ನು ಚಿತ್ರದಲ್ಲಿ ನೋಡುವ ಕ್ರಮವೂ ಇದೆ. ನಾಳದಲ್ಲಿ ಡೈ ಹಾದುಹೋದ ಮೇಲೆ ಕ್ಷಣಹೊತ್ತು ಆ ಭಾಗದ ಸ್ನಾಯುವಿನಲ್ಲಿ ತೆಳುವಾದ ಮಸುಕೊಂದು ಮೂಡುತ್ತದೆ, ಕನ್ನಡಿಯ ಮೇಲೆ ಉಸಿರು ಬಿಟ್ಟಾಗ ಹಬೆ ಕೂರುವಂತೆ. ಮತ್ತೆ ಮೂರು ನಾಲ್ಕು ಬಡಿತಗಳಲ್ಲಿ ಅದು ಕರಗಿ, ಹೃದಯದ ಹಿಂಬದಿಯ ಅಭಿಧಮನಿಯಲ್ಲಿ ಡೈ ಕಾಣಿಸಿಕೊಳ್ಳುತ್ತದೆ. ಇದೇ ಬ್ಲಶ್. ಮಸುಕು ಮೂಡದಿದ್ದರೂ ಕೆಟ್ಟದ್ದು, ಮೂಡಿದ್ದು ಕರಗದೆ ಕಲೆಯಂತೆ ಉಳಿದರೂ ಕೆಟ್ಟದ್ದು. ನೆದರ್‌ಲೆಂಡ್ಸ್‌ನ ಝ್ವೋಲೆ ನಗರದ ವೈದ್ಯರು 777 ರೋಗಿಗಳ ಚಿತ್ರಗಳನ್ನು ಹೀಗೆ ಸೊನ್ನೆಯಿಂದ ಮೂರರವರೆಗೆ ವಿಂಗಡಿಸಿ 1998ರಲ್ಲಿ ಫಲಿತಾಂಶ ಪ್ರಕಟಿಸಿದರು. ಬ್ಲಶ್ ದರ್ಜೆ ಮೂರು ಇದ್ದವರಲ್ಲಿ ಮುಂದೆ ಸತ್ತವರು ಶೇ 3, ಎರಡು ಇದ್ದವರಲ್ಲಿ ಶೇ 6, ಸೊನ್ನೆ ಅಥವಾ ಒಂದು ಇದ್ದವರಲ್ಲಿ ಶೇ 23. ಇವರೆಲ್ಲರೂ ನಾಳ ತೆರೆಸಿಕೊಳ್ಳಲು ಅದೇ ಬಗೆಯ ಚಿಕಿತ್ಸೆ ಪಡೆದವರು ಎಂಬುದನ್ನು ಗಮನಿಸಬೇಕು.

ಈ ಮಸುಕು ಕಾಣಬೇಕಾದರೆ ಚಿತ್ರ ಅಷ್ಟು ಹೊತ್ತು ಓಡಬೇಕು. ನಾಳ ತುಂಬಿದ ಕೂಡಲೇ ಚಿತ್ರ ಓಡಿಸುವ ಪೆಡಲ್‌ನಿಂದ ಕಾಲು ತೆಗೆದರೆ ಬ್ಲಶ್ ಚಿತ್ರದಲ್ಲಿ ದಾಖಲಾಗುವುದೇ ಇಲ್ಲ. ನಾನು ಕಂಡ ಒಬ್ಬ ಹಿರಿಯ ವೈದ್ಯರು ಸ್ಟೆಂಟ್ ಹಾಕಿದ ನಂತರದ ಕೊನೆಯ ಚಿತ್ರವನ್ನು ತೆಗೆಯುವಾಗ ರಾತ್ರಿ ಎರಡು ಗಂಟೆಯೇ ಆಗಿರಲಿ, ಹೊರಗೆ ಇನ್ನೊಬ್ಬ ರೋಗಿ ಸ್ಟ್ರೆಚರ್ ಮೇಲೆ ಕಾದಿರಲಿ, ಅಭಿಧಮನಿಯಲ್ಲಿ ಡೈ ಕಾಣುವವರೆಗೆ ಪೆಡಲ್ ಬಿಡುತ್ತಿರಲಿಲ್ಲ. ಮಸುಕು ಮೂಡದಿದ್ದರೆ ಅಲ್ಲಿಯೇ ನಾಳದೊಳಕ್ಕೆ ಸಣ್ಣ ನಾಳಗಳನ್ನು ಅರಳಿಸುವ ಅಡಿನೋಸಿನ್ ಅಥವಾ ನೈಟ್ರೋಪ್ರಸೈಡ್ ಕೊಟ್ಟು, ಸ್ವಲ್ಪ ಕಾದು, ಮತ್ತೊಂದು ಚಿತ್ರ ತೆಗೆಸುತ್ತಿದ್ದರು. ಅದರಿಂದ ಎಲ್ಲರಿಗೂ ಹರಿವು ಮರಳುತ್ತಿತ್ತೆಂದಲ್ಲ. ಆದರೆ ಹೊರಗೆ ಬಂದು ಮನೆಯವರಿಗೆ, "ನಾಳ ತೆರೆದಿದೆ, ಒಳಗಿನ ಸಣ್ಣ ನಾಳಗಳಿಗೆ ರಕ್ತ ಇನ್ನೂ ಸರಿಯಾಗಿ ಹೋಗುತ್ತಿಲ್ಲ, ಈ ಎರಡು ಮೂರು ದಿನ ಹುಷಾರಾಗಿ ನೋಡಬೇಕು" ಎಂದು ಅವರು ಬಿಡಿಸಿ ಹೇಳುತ್ತಿದ್ದರು. ಹಾಗೆ ಕೇಳಿಸಿಕೊಂಡ ಮನೆಯವರು ವಾರದ ಬಳಿಕ ರೋಗಿಗೆ ಉಬ್ಬಸ ಕಾಣಿಸಿಕೊಂಡಾಗ ಅದನ್ನು ನೆಗಡಿಯೆಂದು ತಳ್ಳಿಹಾಕದೆ ಆಸ್ಪತ್ರೆಗೆ ಕರೆತಂದದ್ದನ್ನು ನಾನೇ ಕಂಡಿದ್ದೇನೆ.

ಇಲ್ಲಿ ನಮ್ಮ ತಾಲ್ಲೂಕು ಆಸ್ಪತ್ರೆಗಳ ಮಾತೂ ಬರಬೇಕು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಎದೆನೋವಿನಿಂದ ಬಂದವರಿಗೆ ತಾಲ್ಲೂಕು ಮಟ್ಟದಲ್ಲೇ ಇಸಿಜಿ ತೆಗೆದು, ದೂರದ ತಜ್ಞರ ಸಲಹೆ ಪಡೆದು, ಟೆನೆಕ್ಟೆಪ್ಲೇಸ್ ಎಂಬ ಗಡ್ಡೆ ಕರಗಿಸುವ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಬಂದಿರುವುದು ನಿಜಕ್ಕೂ ದೊಡ್ಡ ಕೆಲಸ. ಅದನ್ನು ಮನಸಾರೆ ಹೊಗಳುತ್ತೇನೆ. ಆದರೆ ಇಂಜೆಕ್ಷನ್ನಿನಿಂದ ನೋವು ಇಳಿದ ಕೂಡಲೇ "ವಾಸಿಯಾಯಿತು" ಎಂದುಕೊಂಡು ಮನೆಗೆ ಹೊರಡುವವರಿದ್ದಾರೆ. ನೋವು ನಿಂತ ಮಾತ್ರಕ್ಕೆ ಹರಿವು ಪೂರ್ತಿ ಮರಳಿದೆ ಎನ್ನಲಾಗದು. ಕ್ಯಾಥ್ ಲ್ಯಾಬ್ ಇಲ್ಲದ ಕಡೆ ಇದನ್ನು ಅಂದಾಜು ಮಾಡಲು ಇಸಿಜಿಯೇ ಸಾಧನ. ಇಂಜೆಕ್ಷನ್ ಕೊಟ್ಟ 60ರಿಂದ 90 ನಿಮಿಷಗಳ ಒಳಗೆ ಮತ್ತೊಮ್ಮೆ ತೆಗೆದ ಇಸಿಜಿಯಲ್ಲಿ, ಮೊದಲು ಮೇಲೆದ್ದಿದ್ದ, ಎಸ್‌ಟಿ ಎಂದು ಕರೆಯುವ ಗೆರೆಯ ಭಾಗ ಅರ್ಧಕ್ಕಿಂತ ಹೆಚ್ಚು ಇಳಿದಿರಬೇಕು. ಇಳಿಯದಿದ್ದರೆ ಔಷಧ ಕೆಲಸ ಮಾಡಿಲ್ಲವೆಂದು ತಿಳಿದು ತಡಮಾಡದೆ ಕ್ಯಾಥ್ ಲ್ಯಾಬ್ ಇರುವ ಊರಿಗೆ ಕಳಿಸಬೇಕು. ಇಳಿದಿದ್ದರೂ ಒಂದು ದಿನದೊಳಗೆ ಆಂಜಿಯೋಗ್ರಾಂ ಆಗುವುದು ಒಳ್ಳೆಯದೆಂದು ಹೃದ್ರೋಗ ತಜ್ಞರ ಮಾರ್ಗಸೂಚಿಗಳು ಹೇಳುತ್ತವೆ. ಆ ಎರಡನೇ ಇಸಿಜಿಯ ಪ್ರತಿಯನ್ನು ಮೊದಲನೆಯದರ ಜೊತೆಗೇ ಪಿನ್ ಮಾಡಿ, ಎರಡರ ಮೇಲೂ ಸಮಯ ಬರೆದು ರೋಗಿಯ ಕೈಗೆ ಕೊಟ್ಟರೆ ಮುಂದಿನ ಆಸ್ಪತ್ರೆಯವರಿಗೆ ಅರ್ಧ ಕೆಲಸ ಹಗುರವಾಗುತ್ತದೆ.

ಈ ಪತ್ರ ಬರೆಯಲು ಕಾರಣವಾದದ್ದು ನಮ್ಮ ಮನೆಯಲ್ಲೇ ನಡೆದ ಘಟನೆ. ಅಕ್ಕನ ಯಜಮಾನರಿಗೆ, ಸಕ್ಕರೆ ಕಾಯಿಲೆಯೂ ಇರುವ ಭಾವನವರಿಗೆ, ನಸುಕಿನಲ್ಲಿ ಎದೆನೋವು ಬಂದು, ಹತ್ತಿರದ ನಗರದ ಆಸ್ಪತ್ರೆಯೊಂದರಲ್ಲಿ ಎಲ್‌ಎಡಿಗೆ ಸ್ಟೆಂಟ್ ಹಾಕಿದರು. ಸಕಾಲದಲ್ಲಿ ಹಾಕಿ ಜೀವ ಉಳಿಸಿದ ಆ ವೈದ್ಯರಿಗೆ ನಮ್ಮ ಕುಟುಂಬ ಋಣಿಯಾಗಿದೆ. ಐದನೇ ದಿನ ಕೊಟ್ಟ ಡಿಸ್ಚಾರ್ಜ್ ಸಮರಿಯಲ್ಲಿ ಎಲ್‌ಎಡಿ ಶೇ 95, ಬಲನಾಳ ಶೇ 60, ಸ್ಟೆಂಟ್ ಒಂದು, ಅದರ ಉದ್ದ, ಅಗಲ, ಕಂಪನಿಯ ಸ್ಟಿಕ್ಕರ್ ಎಲ್ಲವೂ ಇದ್ದವು. ಸ್ಟೆಂಟಿಗೆ ಮೊದಲು ಟಿಮಿ ಎಷ್ಟಿತ್ತು, ನಂತರ ಎಷ್ಟಾಯಿತು ಎಂಬ ಒಂದು ಸಾಲು ಇರಲಿಲ್ಲ. ಬ್ಲಶ್‌ನ ಮಾತಂತೂ ಇಲ್ಲವೇ ಇಲ್ಲ. ಸಿ.ಡಿ. ಕೇಳಿದರೆ "ಆಮೇಲೆ ಬನ್ನಿ" ಎಂದರು. ಆರು ವಾರಗಳ ಬಳಿಕ ಬೇರೊಬ್ಬ ತಜ್ಞರ ಬಳಿ ಹೋದಾಗ ಅವರು ಕೇಳಿದ್ದೇ ಆ ಚಿತ್ರವನ್ನು. ಮೊದಲ ಆಸ್ಪತ್ರೆಯಲ್ಲಿ ವಿಚಾರಿಸಿದರೆ ಚಿತ್ರಗಳು ಕಂಪ್ಯೂಟರ್‌ನಲ್ಲಿ ಉಳಿದಿಲ್ಲ ಎಂಬ ಉತ್ತರ ಸಿಕ್ಕಿತು. ಬಲನಾಳದ ಶೇ 60ರ ಬಗ್ಗೆ ತೀರ್ಮಾನಿಸಲು ಮತ್ತೊಂದು ಆಂಜಿಯೋಗ್ರಾಂ ಆಗಲೇಬೇಕಾಯಿತು. ಸಕ್ಕರೆಯಿಂದ ಮೂತ್ರಪಿಂಡ ಮೊದಲೇ ಸೋತಿದ್ದ ಮನುಷ್ಯನ ಮೈಗೆ ಮತ್ತೊಮ್ಮೆ ಡೈ, ಮತ್ತೊಮ್ಮೆ ಖರ್ಚು, ಮತ್ತೊಂದು ರಾತ್ರಿ ಅಕ್ಕನಿಗೆ ನಿದ್ದೆಯಿಲ್ಲ.

ಈ ಪರ್ಸೆಂಟ್ ಲೆಕ್ಕದ ಬಗ್ಗೆಯೂ ನಾಲ್ಕು ಮಾತು ಹೇಳಬೇಕು. ಶೇ 60 ಎಂದರೆ ಕಿರಿದಾದ ಜಾಗದ ಅಗಲವನ್ನು ಪಕ್ಕದ ಸರಿಯಾದ ಜಾಗದೊಂದಿಗೆ ಕಣ್ಣಂದಾಜಿನಲ್ಲಿ ಹೋಲಿಸಿ ಹೇಳಿದ ಸಂಖ್ಯೆ. ಒಂದೇ ಚಿತ್ರವನ್ನು ಇಬ್ಬರು ವೈದ್ಯರಿಗೆ ತೋರಿಸಿದರೆ ಒಬ್ಬರು ಐವತ್ತು, ಇನ್ನೊಬ್ಬರು ಎಪ್ಪತ್ತು ಎನ್ನುವುದು ಅಪರೂಪವಲ್ಲ. ಆ ಕಿರಿದಾದ ಜಾಗ ಹರಿವನ್ನು ಎಷ್ಟು ತಡೆಯುತ್ತಿದೆ ಎಂಬುದು ಬೇರೆಯೇ ಪ್ರಶ್ನೆ. ಸುಮ್ಮನೆ ಕುಳಿತಿರುವಾಗ, ನಾಳದ ಅಗಲ ಶೇ 85ರಷ್ಟು ಕುಗ್ಗುವವರೆಗೂ ಹರಿವು ಅಷ್ಟಾಗಿ ತಗ್ಗುವುದಿಲ್ಲ. ಆದರೆ ಹೃದಯಕ್ಕೆ ಹೆಚ್ಚು ರಕ್ತ ಬೇಕಾದಾಗ ಅದಕ್ಕಿಂತ ಬಹಳ ಮೊದಲೇ ಕೊರತೆ ಕಾಣತೊಡಗುತ್ತದೆ ಎಂದು ಲ್ಯಾನ್ಸ್ ಗೌಲ್ಡ್ ಅವರು 1974ರಲ್ಲಿ ಪ್ರಾಣಿಗಳ ಮೇಲಿನ ಪ್ರಯೋಗದಿಂದ ತೋರಿಸಿದ್ದರು. ಹಾಗಾಗಿ ಹರಿವಿನ ತಡೆಯನ್ನು ತಿಳಿಯಲು ಅಡಚಣೆಯ ಹಿಂದಿನ ಮತ್ತು ಮುಂದಿನ ರಕ್ತದೊತ್ತಡವನ್ನೇ ಅಳೆಯುವ ಎಫ್‌ಎಫ್‌ಆರ್ ಎಂಬ ಕ್ರಮವನ್ನು ನಿಕೋ ಪೈಲ್ಸ್ ಮತ್ತು ಬರ್ನಾರ್ಡ್ ಡಿ ಬ್ರೂಯ್ನ್ ರೂಪಿಸಿದರು. ತುದಿಯಲ್ಲಿ ಒತ್ತಡ ಅಳೆಯುವ ಸೆನ್ಸರ್ ಇರುವ, ಕೂದಲಿನಷ್ಟು ಸಣ್ಣದೆನ್ನಬಹುದಾದ ತಂತಿಯನ್ನು ಅಡಚಣೆಯಾಚೆಗೆ ದಾಟಿಸಿ, ಅಡಿನೋಸಿನ್ ಕೊಟ್ಟು ಹರಿವನ್ನು ಗರಿಷ್ಠಕ್ಕೇರಿಸುತ್ತಾರೆ. ರೋಗಿಗೆ ಒಂದೆರಡು ನಿಮಿಷ ಎದೆ ಭಾರವಾಗಿ ಮುಖ ಬಿಸಿಯಾಗುತ್ತದೆ. ಆ ಹೊತ್ತಿನಲ್ಲಿ ಮಹಾಧಮನಿಯಲ್ಲಿ ಒತ್ತಡ 100 ಇದ್ದು, ಅಡಚಣೆಯಾಚೆ 80 ಇದ್ದರೆ ಎಫ್‌ಎಫ್‌ಆರ್ 0.80. ಅದು ಅಥವಾ ಅದಕ್ಕಿಂತ ಕಡಿಮೆ ಬಂದರೆ ಅಡಚಣೆ ಹರಿವನ್ನು ನಿಜವಾಗಿ ತಡೆಯುತ್ತಿದೆ ಎಂದರ್ಥ.

1,005 ರೋಗಿಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಫೇಮ್ ಅಧ್ಯಯನದಲ್ಲಿ, ಚಿತ್ರವನ್ನಷ್ಟೇ ನೋಡಿ ಸ್ಟೆಂಟ್ ಹಾಕಿದಾಗ ರೋಗಿಯೊಬ್ಬರಿಗೆ ಸರಾಸರಿ 2.7 ಸ್ಟೆಂಟ್ ಬೇಕಾದರೆ, ಎಫ್‌ಎಫ್‌ಆರ್ ನೋಡಿ ಹಾಕಿದಾಗ 1.9 ಸಾಕಾಯಿತು. ಒಂದು ವರ್ಷದೊಳಗೆ ಸಾವು, ಮತ್ತೊಂದು ಆಘಾತ ಅಥವಾ ಮತ್ತೆ ಚಿಕಿತ್ಸೆಯ ಅಗತ್ಯ ಶೇ 18.3ರಿಂದ ಶೇ 13.2ಕ್ಕೆ ಇಳಿಯಿತು. ಅದೇ ಅಧ್ಯಯನದಲ್ಲಿ ಶೇ 50ರಿಂದ 70ರವರೆಗೆ ಕಿರಿದಾಗಿ ಕಂಡ ಜಾಗಗಳ ಪೈಕಿ ಹರಿವಿಗೆ ನಿಜವಾಗಿ ಅಡ್ಡಿಯಾಗಿದ್ದವು ಸುಮಾರು ಮೂರರಲ್ಲಿ ಒಂದು ಮಾತ್ರ.

ಇದನ್ನು ಹೇಳುವಾಗ ಇನ್ನೊಂದು ಮಗ್ಗುಲನ್ನು ಮುಚ್ಚಿಡುವುದು ಸರಿಯಲ್ಲ. ಆಘಾತಕ್ಕೆ ಕಾರಣವಾದ ನಾಳದಲ್ಲಿ ಆಗಿಂದಾಗಲೇ ಎಫ್‌ಎಫ್‌ಆರ್ ಅಳೆದರೆ ಅದನ್ನು ನಂಬಲಾಗದು, ಏಕೆಂದರೆ ಪೆಟ್ಟು ತಿಂದ ಸಣ್ಣ ನಾಳಗಳು ಆಗ ಪೂರ್ತಿ ಅರಳುವುದಿಲ್ಲ. ಸಂಖ್ಯೆ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಉಳಿದ ನಾಳಗಳ ವಿಷಯದಲ್ಲಿಯೂ ಅಧ್ಯಯನಗಳು ಒಂದೇ ದನಿಯಲ್ಲಿ ಮಾತಾಡಿಲ್ಲ. 4,041 ರೋಗಿಗಳ ಕಂಪ್ಲೀಟ್ ಅಧ್ಯಯನ 2019ರಲ್ಲಿ, ಆಘಾತಕ್ಕೆ ಕಾರಣವಲ್ಲದ ದೊಡ್ಡ ಅಡಚಣೆಗಳನ್ನೂ ತೆರೆಯುವುದರಿಂದ ಹೃದಯ ಸಂಬಂಧಿ ಸಾವು ಅಥವಾ ಹೊಸ ಆಘಾತ ಶೇ 10.5ರಿಂದ ಶೇ 7.8ಕ್ಕೆ ಇಳಿಯುತ್ತದೆಂದು ತೋರಿಸಿತು. ಅಂಥವರಲ್ಲಿ ಎಫ್‌ಎಫ್‌ಆರ್ ನೋಡಿ ತೀರ್ಮಾನಿಸುವುದು ಚಿತ್ರ ನೋಡಿ ತೀರ್ಮಾನಿಸುವುದಕ್ಕಿಂತ ಮೇಲು ಎಂದು 2021ರ ಫ್ರಾನ್ಸ್‌ನ ಫ್ಲವರ್-ಎಂಐ ಅಧ್ಯಯನದಲ್ಲಿ ಸಾಬೀತಾಗಲಿಲ್ಲ. ಆದ್ದರಿಂದ ಯಾರಿಗೆ ತಂತಿ, ಯಾರಿಗೆ ಬೇಡ ಎಂಬುದು ತಜ್ಞರ ವಿವೇಚನೆಗೆ ಬಿಟ್ಟದ್ದು. ಆ ವಿವೇಚನೆಗೆ ಬೇಕಾದ ಚಿತ್ರವೂ ಸಂಖ್ಯೆಯೂ ರೋಗಿಯ ಬಳಿ ಇರಬೇಕೆಂಬುದಷ್ಟೇ ನನ್ನ ವಾದ. ಭಾವನವರ ಎರಡನೇ ಆಂಜಿಯೋಗ್ರಾಂನಲ್ಲಿ ಬಲನಾಳದ ಎಫ್‌ಎಫ್‌ಆರ್ 0.87 ಬಂತು. ಸ್ಟೆಂಟ್ ಹಾಕದೆ, ಮಾತ್ರೆಗಳನ್ನು ಸರಿಪಡಿಸಿ ಕಳಿಸಿದರು.

ಆಸ್ಪತ್ರೆಗಳಿಗೆ ಮತ್ತು ಆರೋಗ್ಯ ಇಲಾಖೆಗೆ ನನ್ನ ವಿನಂತಿ ಹೆಚ್ಚಿನದಲ್ಲ. ಆಘಾತದ ನಂತರದ ಪ್ರತಿಯೊಂದು ಡಿಸ್ಚಾರ್ಜ್ ಸಮರಿಯಲ್ಲಿ ಚಿಕಿತ್ಸೆಗೆ ಮುಂಚಿನ ಮತ್ತು ನಂತರದ ಟಿಮಿ ದರ್ಜೆಯನ್ನೂ, ಚಿತ್ರದಲ್ಲಿ ಕಂಡಿದ್ದರೆ ಬ್ಲಶ್ ದರ್ಜೆಯನ್ನೂ ಬರೆಯುವುದು ಕಡ್ಡಾಯವಾಗಲಿ. ಅನೇಕ ಒಳ್ಳೆಯ ಆಸ್ಪತ್ರೆಗಳು ಟಿಮಿ ದರ್ಜೆಯನ್ನು ಈಗಾಗಲೇ ಬರೆಯುತ್ತಿವೆ, ಎಲ್ಲರೂ ಬರೆಯಲಿ. ಅದರ ಕೆಳಗೆ ಕನ್ನಡದಲ್ಲಿ ಎರಡು ಸಾಲು ಇರಲಿ: ನಾಳ ತೆರೆದಿದೆ, ಸ್ನಾಯುವಿಗೆ ಹರಿವು ಸಹಜವಾಗಿದೆ, ಅಥವಾ ನಿಧಾನವಾಗಿದೆ, ಇಂಥ ನಾಳದಲ್ಲಿ ಇನ್ನೊಂದು ಅಡಚಣೆ ಇದೆ, ಅದನ್ನು ಇಷ್ಟು ವಾರದೊಳಗೆ ಮತ್ತೆ ನೋಡಬೇಕು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಂಥ ಯೋಜನೆಯಲ್ಲಿ ಆಸ್ಪತ್ರೆಗೆ ಹಣ ಪಾವತಿಸುವಾಗ ಸ್ಟೆಂಟಿನ ಸ್ಟಿಕ್ಕರನ್ನು ಕೇಳುವಷ್ಟೇ ಕಟ್ಟುನಿಟ್ಟಾಗಿ ಈ ಸಾಲುಗಳನ್ನೂ ಕೇಳಲಿ. ಚಿತ್ರಗಳ ಸಿ.ಡಿ. ಅಥವಾ ಪೆನ್‌ಡ್ರೈವ್ ಪ್ರತಿಯನ್ನು ರೋಗಿ ಕೇಳುವ ಮೊದಲೇ, ಬಿಲ್ಲಿನ ಜೊತೆಗೇ ಕೊಡಲಿ.

ಖರ್ಚಿನ ವಿಷಯ ಒಂದಿದೆ. ಔಷಧ ಲೇಪಿತ ಸ್ಟೆಂಟಿನ ಬೆಲೆಗೆ 2017ರ ಫೆಬ್ರುವರಿಯಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ 29,600 ರೂಪಾಯಿಗಳ ಮಿತಿ ಹಾಕಿದಾಗ ಲಕ್ಷಾಂತರ ಕುಟುಂಬಗಳ ಹೊರೆ ಇಳಿಯಿತು. ಆದರೆ ಆ ಆದೇಶ ಸ್ಟೆಂಟಿಗೆ ಸೀಮಿತವಾಗಿತ್ತು. ಸ್ಟೆಂಟ್ ಬೇಕೇ ಬೇಡವೇ ಎಂದು ತಿಳಿಸುವ ಒತ್ತಡದ ತಂತಿಗೆ ಹತ್ತಾರು ಸಾವಿರ ರೂಪಾಯಿ ತೆರಬೇಕಾಗಿರುವುದರಿಂದ, ಎಷ್ಟೋ ಮನೆಯವರು "ಅಳೆಯಲು ಅಷ್ಟು ಕೊಡುವ ಬದಲು ಸ್ಟೆಂಟೇ ಹಾಕಿಬಿಡಿ" ಎಂದದ್ದನ್ನು ನಾನು ಕೇಳಿದ್ದೇನೆ. ಅವರನ್ನು ತಪ್ಪೆನ್ನಲಾರೆ. ತಜ್ಞರು ಅಗತ್ಯವೆಂದು ಬರೆದುಕೊಟ್ಟ ಮಧ್ಯಮ ಪ್ರಮಾಣದ ಅಡಚಣೆಗಳಿಗಾದರೂ ಈ ಅಳತೆಯ ವೆಚ್ಚವನ್ನು ಸರ್ಕಾರಿ ಯೋಜನೆಗಳು ಪೂರ್ತಿಯಾಗಿ ಭರಿಸುವಂತಾಗಬೇಕು, ತಂತಿಯ ಬೆಲೆಗೂ ಸ್ಟೆಂಟಿನಂತೆಯೇ ಮಿತಿ ಬರಬೇಕು.

ಅಲ್ಲಿಯವರೆಗೆ ಓದುಗರು ತಾವೇ ಮಾಡಬಹುದಾದದ್ದೊಂದಿದೆ. ನಿಮ್ಮವರು ಆಂಜಿಯೋಪ್ಲಾಸ್ಟಿ ಮುಗಿಸಿ ವಾರ್ಡಿಗೆ ಬಂದ ಮೇಲೆ, ರೌಂಡ್ಸಿಗೆ ಬರುವ ವೈದ್ಯರನ್ನು, "ಡಾಕ್ಟರೇ, ಟಿಮಿ ಎಷ್ಟು ಬಂತು? ಸ್ನಾಯುವಿಗೆ ರಕ್ತ ಸರಿಯಾಗಿ ಹೋಗುತ್ತಿದೆಯೇ? ಬೇರೆ ನಾಳದಲ್ಲಿ ಏನಾದರೂ ಉಳಿದಿದೆಯೇ?" ಎಂದು ಕೇಳಿ, ಉತ್ತರವನ್ನು ಕಾಗದದಲ್ಲಿ ಬರೆಸಿಕೊಳ್ಳಿ. ಹೀಗೆ ಕೇಳುವುದರಿಂದ ವೈದ್ಯರಿಗೆ ಅಗೌರವವಾಗುವುದಿಲ್ಲ. ನನ್ನ ಅನುಭವದಲ್ಲಿ ಹೆಚ್ಚಿನ ವೈದ್ಯರು, ಕೇಳಿದವರನ್ನು ಕರೆದುಕೊಂಡು ಹೋಗಿ ಪರದೆಯ ಮೇಲೆ ಆ ಚಿತ್ರವನ್ನೇ ತೋರಿಸಿದ್ದಾರೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಕ್ಯಾಥ್ ಲ್ಯಾಬ್ ಟೆಕ್ನಿಷಿಯನ್,
ದಾವಣಗೆರೆ ಜಿಲ್ಲೆ